64 ಕೆಜಿ ಗರಗಸ ಮಾಡಿದ ಮೆಕ್ಯಾನಿಕಲ್ ಇಂಜಿನಿಯರ್

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ತೋಟ ಇರೋ ಮನೆಗಳಲ್ಲಿ ಈಗ ಮರ ಕುಯ್ಯೋ ಮಿಷಿನ್ ಅಪರೂಪ ಏನಲ್ಲ. ಒಣಗಿ ನಿಂತ ತೆಂಗು, ಬದುವಿನ ಸಿಲ್ವರ್ ಓಕ್, ಗಾಳಿಮಳೆಗೆ ದಾರಿಗೆ ಅಡ್ಡ ಬಿದ್ದ ಹುಣಸೆ, ಎಲ್ಲಕ್ಕೂ ಅದೇ ಬೇಕು. ಕಿತ್ತಳೆ ಬಣ್ಣದ ಮಿಷಿನ್ ಮೇಲೆ ಇಂಗ್ಲಿಷಿನಲ್ಲಿ ಐದು ಅಕ್ಷರ ಇರುತ್ತೆ. ಕೆಲವರು ಸ್ಟಿಲ್ ಅಂತಾರೆ, ಕೆಲವರು ಸ್ಟೀಲ್ ಅಂತಾರೆ, ಉಕ್ಕಿನ ಕಂಪನಿ ಅಂದುಕೊಂಡವರೂ ಇದ್ದಾರೆ. ಅದು ಒಬ್ಬ ಮನುಷ್ಯನ ಹೆಸರು. ಜರ್ಮನ್ನರ ಬಾಯಲ್ಲಿ ಅದು ಶ್ಟೀಲ್.

ಆಂಡ್ರಿಯಾಸ್ ಶ್ಟೀಲ್ ಹುಟ್ಟಿದ್ದು 1896ರ ನವೆಂಬರ್ 10ರಂದು, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಮೊದಲನೇ ಮಹಾಯುದ್ಧದಲ್ಲಿ ಜರ್ಮನಿಯ ಪರ ಹೋರಾಡಿ, ಆಮೇಲೆ ನಮ್ಮ ಹಾಗೇ ಮೆಕ್ಯಾನಿಕಲ್ ಓದಿದರು. 1926ರಲ್ಲಿ ಶ್ಟುಟ್‌ಗಾರ್ಟ್‌ನಲ್ಲಿ ಸ್ವಂತ ಕಂಪನಿ ಶುರು ಮಾಡಿದರು. ಹೊಟ್ಟೆಪಾಡಿಗೆ ಮೊದಮೊದಲು ಉಗಿ ಬಾಯ್ಲರ್‌ಗಳ ಬಿಡಿಭಾಗ, ಬಟ್ಟೆ ಒಗೆಯೋ ಯಂತ್ರ ಎಲ್ಲ ಮಾಡಿದ್ದುಂಟು. ಆದರೆ ತಲೆಯಲ್ಲಿ ಓಡ್ತಿದ್ದಿದ್ದು ಬೇರೆ. ಆಗ ದೊಡ್ಡ ಮರ ಅಂದ್ರೆ ಎರಡು ಕಡೆ ಇಬ್ಬರು ನಿಂತು ಉದ್ದ ಗರಗಸ ಎಳೀಬೇಕಿತ್ತು, ಆಮೇಲೆ ದಿಮ್ಮಿಯನ್ನ ಮಿಲ್ಲಿಗೆ ಸಾಗಿಸಬೇಕಿತ್ತು. ಮಿಲ್ಲಿನ ಗರಗಸವನ್ನೇ ಮರದ ಹತ್ತಿರ ಒಯ್ಯೋಕೆ ಆಗಲ್ವಾ ಅನ್ನೋದೇ ಅವರ ಪ್ರಶ್ನೆ.

1926ರಲ್ಲೇ ಒಯ್ದರು, ಆದರೆ ಹೇಗೆ? ಅದು ಕರೆಂಟಿನ ಗರಗಸ, ತೂಕ 64 ಕೆಜಿ. ಸಿಮೆಂಟ್ ಮೂಟೆಗಿಂತ ಭಾರ. ಹೊರೋಕೂ ಇಬ್ಬರು, ಕುಯ್ಯೋಕೂ ಇಬ್ಬರು. ಕಾಡಲ್ಲಿ ಪ್ಲಗ್ ಪಾಯಿಂಟ್ ಎಲ್ಲಿಂದ ತರ್ತಾರೆ? 1929ರಲ್ಲಿ ಪೆಟ್ರೋಲ್ ಇಂಜಿನ್ ಹಾಕಿದ್ದು ಬಂತು: 46 ಕೆಜಿ, 6 ಎಚ್‌ಪಿ. ಚೈನ್ ಸಾ ಕಂಡುಹಿಡಿದಿದ್ದು ಇವರೇ ಅಂತ ಬಹಳ ಕಡೆ ಬರೆದಿರ್ತಾರೆ, ಅದು ಪೂರ್ತಿ ಸರಿ ಅಲ್ಲ. ಅದೇ ಜರ್ಮನಿಯ ಎಮಿಲ್ ಲೆರ್ಪ್ 1927ರಲ್ಲೇ ಡೋಲ್ಮಾರ್ ಬೆಟ್ಟದಲ್ಲಿ ಪೆಟ್ರೋಲ್ ಗರಗಸ ಓಡಿಸಿ ತೋರಿಸಿದ್ದರು. ಅದಕ್ಕಿಂತ 100 ವರ್ಷ ಹಿಂದೆ, 1830ರ ಹೊತ್ತಿಗೆ, ಬರ್ನ್‌ಹಾರ್ಡ್ ಹೈನೆ ಅನ್ನೋರು ಮೂಳೆ ಕುಯ್ಯೋಕೆ ಕೈಯಲ್ಲಿ ತಿರುಗಿಸೋ ಚೈನ್ ಗರಗಸ ಮಾಡಿದ್ದರು. ಶ್ಟೀಲ್ ಅವರ ಹೆಚ್ಚುಗಾರಿಕೆ ಬೇರೆ: ಜೀವನಪೂರ್ತಿ ಅದರ ತೂಕ ಇಳಿಸ್ತಾ ಹೋದದ್ದು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ಇವರು 1933ರಲ್ಲಿ ನಾಜಿ ಪಕ್ಷ ಸೇರಿದರು, ಮುಂದೆ ಹಿಟ್ಲರನ ಎಸ್‌ಎಸ್ ಪಡೆಯ ಸದಸ್ಯರೂ ಆದರು. ವ್ಯಾಪಾರಕ್ಕೋಸ್ಕರ ಸೇರಿದರು ಅಂತ ಯಾರಾದರೂ ಹೇಳಬಹುದು. ವ್ಯಾಪಾರ ಮಾಡಿಕೊಂಡು ಎಸ್‌ಎಸ್ ಸೇರದೆ ಇದ್ದ ಜರ್ಮನ್ನರೂ ಲಕ್ಷಗಟ್ಟಲೆ ಇದ್ದರಲ್ಲ! ಯುದ್ಧದಲ್ಲಿ ಬಾಂಬ್ ಬಿದ್ದು ಕಾರ್ಖಾನೆ ಹಾಳಾಯ್ತು, ಕೆಲಸ ವೈಬ್ಲಿಂಗೆನ್ ಹತ್ತಿರದ ಊರಿಗೆ ಹೋಯ್ತು. ಯುದ್ಧ ಮುಗಿದ ಮೇಲೆ ಗೆದ್ದವರು ಇವರನ್ನ ಹಿಡಿದು ಶಿಬಿರದಲ್ಲಿಟ್ಟರು, ಬಿಟ್ಟಿದ್ದು 1948ರಲ್ಲಿ. ಇಷ್ಟು ಬರೆದ ಮೇಲೂ ನಾನು ಅವರು ಅಂತಲೇ ಬರೀತಿದ್ದೀನಿ, ಅದು ನಮ್ಮ ಕನ್ನಡದ ರೂಢಿ. ಮೆಚ್ಚಿಕೊಂಡು ಅಲ್ಲ. ಮೆಚ್ಚೋಕಿರೋದು ಡ್ರಾಯಿಂಗ್ ಬೋರ್ಡ್ ಮೇಲಿನ ಕೆಲಸ ಮಾತ್ರ.

ಆ ಕೆಲಸದ ಒಳ್ಳೇ ವರ್ಷಗಳು ಬಂದಿದ್ದು ಇದಾದ ಮೇಲೆ. 1950ರಲ್ಲಿ ಬಿಎಲ್ ಅನ್ನೋ ಮಾಡೆಲ್ ಬಂತು, 16 ಕೆಜಿ, ಒಬ್ಬನೇ ಹಿಡಿದು ಕುಯ್ಯಬಹುದು. 1959ರಲ್ಲಿ ಕಾಂಟ್ರಾ: ಮತ್ತೆ ಅದೇ 6 ಎಚ್‌ಪಿ, ಆದರೆ 12 ಕೆಜಿ. 1929ರ 46 ಕೆಜಿ ಪಕ್ಕ ಇಟ್ಟು ನೋಡಿ. ಗೇರನ್ನೇ ಕಿತ್ತುಹಾಕಿದರು, ಕ್ಲಚ್ ಡ್ರಮ್ಮಿಂದ ಸೀದಾ ಸ್ಪ್ರಾಕೆಟ್, ಅಲ್ಲಿಂದ ಚೈನ್. ಒಂದು ಲೆಕ್ಕ ಹಾಕೋಣ. 0.325 ಇಂಚಿನ ಪಿಚ್, 7 ಹಲ್ಲಿನ ಸ್ಪ್ರಾಕೆಟ್, 9,000 ಆರ್‌ಪಿಎಂ. ಒಂದು ಹಲ್ಲಿಗೆ ಎರಡು ಪಿಚ್ ಚೈನ್ ಮುಂದೆ ಹೋಗುತ್ತೆ. ಸೆಕೆಂಡಿಗೆ ಸುಮಾರು 17 ಮೀಟರ್ ಬರುತ್ತೆ, ಅಂದ್ರೆ ಗಂಟೆಗೆ 60 ಕಿಮೀ ಮೇಲೆ. ಹಲ್ಲಿರೋ ಸರಪಳಿ ಆ ಸ್ಪೀಡಲ್ಲಿ ಮೊಣಕಾಲಿಂದ ಒಂದು ಗೇಣು ದೂರದಲ್ಲಿ ಓಡ್ತಿರುತ್ತೆ.

ಅದಕ್ಕೇ ಮನೆಯಲ್ಲಿ ಕ್ಲೀನ್ ಮಾಡೋಕೆ ಕೂತಾಗ ಮೊದಲ ಕೆಲಸ ಸ್ವಿಚ್ ಆಫ್ ಮಾಡಿ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತಿಡೋದು. ಆಮೇಲೆ ಕೈಗೆ ದಪ್ಪ ಗ್ಲೌಸ್. ಪಕ್ಕದ ಕವರ್ ಬಿಚ್ಚಿದರೆ ಎಣ್ಣೆ ಕುಡಿದ ಹೊಟ್ಟು ರಾಗಿ ಮುದ್ದೆ ಥರ ಅಂಟಿಕೊಂಡಿರುತ್ತೆ. ಬ್ರಷ್ಷಿಂದ ತೆಗೀಬೇಕು. ಬಾರ್‌ನ ಗಾಡಿಯನ್ನ, ಅಂದ್ರೆ ಚೈನ್ ಕೂರೋ ಸೀಳನ್ನ, ಹಳೇ ಹ್ಯಾಕ್ಸಾ ಬ್ಲೇಡಿಂದ ಕೆರೆದು, ಎಣ್ಣೆ ಬರೋ ಸಣ್ಣ ತೂತು ಬಿಡಿಸಬೇಕು. ವಾಪಸ್ ಹಾಕುವಾಗ ಬಾರನ್ನ ಮಗುಚಿ ಹಾಕಿದರೆ ಎರಡೂ ಅಂಚು ಸಮ ಸವೆಯುತ್ತೆ. ಬಾರ್‌ಗೆ ಹಾಕಿದ ಎಣ್ಣೆ ವಾಪಸ್ ಬರಲ್ಲ, ಕುಯ್ದಷ್ಟೂ ಹೊರಗೆ ಹೋಗ್ತಾನೇ ಇರುತ್ತೆ. ಹಾಗಂತ ದುಡ್ಡು ಉಳಿಸೋಕೆ ಗ್ಯಾರೇಜಿನ ಕರಿ ಆಯಿಲ್ ಹಾಕ್ತಾರೆ ನಮ್ಮ ಕಡೆ. ಅದರಲ್ಲಿರೋ ಲೋಹದ ಪುಡಿ ಪಂಪನ್ನ ತಿಂದುಹಾಕುತ್ತೆ.

ಟ್ಯಾಂಕಿನ ಕಥೆ ಇನ್ನೂ ಮುಖ್ಯ. ಟೂ ಸ್ಟ್ರೋಕ್ ಇಂಜಿನ್ನಿಗೆ ಬೇರೆ ಆಯಿಲ್ ಸಂಪ್ ಇಲ್ಲ, ಪೆಟ್ರೋಲಿನ ಜೊತೆ ಬಂದ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗಿಗೂ ಗತಿ. 50ಕ್ಕೆ 1 ಅಂದ್ರೆ ಲೀಟರಿಗೆ 20 ಮಿಲೀ, 25ಕ್ಕೆ 1 ಅಂದ್ರೆ 40 ಮಿಲೀ. ಯಾವುದು ಅಂತ ಮಿಷಿನ್ನಿನ ಪುಸ್ತಕ ನೋಡಿ. ಬರೀ ಪೆಟ್ರೋಲ್ ಹಾಕಿ ಎಳೆದರೆ ಪಿಸ್ಟನ್ ಸೀಜ್, ಸಾವಿರಾರು ರೂಪಾಯಿ ಹೋಯ್ತು ಅಂತ ತಿಳ್ಕೊಳ್ಳಿ. ಈಗಿನ ಎಥನಾಲ್ ಸೇರಿದ ಪೆಟ್ರೋಲ್ ಗಾಳಿಯ ನೀರು ಎಳ್ಕೊಳ್ಳುತ್ತೆ, ಮುಂದಿನ ವರ್ಷದ ಮಳೆಗಾಲದವರೆಗೆ ಟ್ಯಾಂಕಲ್ಲೇ ಬಿಟ್ಟರೆ ಕಾರ್ಬೊರೇಟರ್ ಕೆಡುತ್ತೆ. ಖಾಲಿ ಮಾಡಿ, ತಾನಾಗೇ ನಿಲ್ಲೋವರೆಗೂ ಓಡಿಸಿ ಇಡಬೇಕು. ಏರ್ ಫಿಲ್ಟರ್ ಬ್ರಷ್ ಮಾಡೋದಂತೂ ಪ್ರತಿ ಸಲ.

ಹಲ್ಲಿನ ವಿಷಯದಲ್ಲಿ ಇನ್ನೊಬ್ಬರನ್ನ ನೆನೀಬೇಕು. ಶುರುವಿನ ಚೈನುಗಳಿಗೆ ಕೈಗರಗಸದಂಥ ಹಲ್ಲಿತ್ತು, ಮರ ಕೆರೀತಿತ್ತು, ಬೇಗ ಮೊಂಡಾಗ್ತಿತ್ತು. ಅಮೆರಿಕದ ಒರೆಗಾನ್‌ನಲ್ಲಿ ಮರ ಕಡೀತಿದ್ದ ಜೋ ಕಾಕ್ಸ್ 1946ರಲ್ಲಿ ಕೊರಡು ಕೊರೆಯೋ ಹುಳದ ಮರಿ ನೋಡಿದರು. ಅದರ ದವಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಡಿಯೋದನ್ನ ಗಮನಿಸಿ ಅದೇ ಥರ ಹಲ್ಲು ಮಾಡಿದರು. ಇವತ್ತಿನ ಚೈನಲ್ಲಿ ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಇರೋದು ಅದಕ್ಕೇ. ತೆಂಗಿನ ಕಾಂಡದ ಹೊರಭಾಗ ಗಟ್ಟಿ, ರಸ್ತೆ ಬದಿ ಮರದ ತೊಗಟೆ ತುಂಬ ಮಣ್ಣು, ಎರಡೂ ಹಲ್ಲಿಗೆ ಶತ್ರು. ಚಕ್ಕೆ ಬರೋ ಬದಲು ಹಿಟ್ಟಿನಂಥ ಪುಡಿ ಬಂದರೆ ಅರ ಹಿಡಿಯೋ ಹೊತ್ತಾಯ್ತು ಅಂತ ಅರ್ಥ. 0.325 ಪಿಚ್ಚಿಗೆ 4.8 ಮಿಮೀ ದುಂಡನೆ ಅರ, ಸಾಮಾನ್ಯವಾಗಿ 30 ಡಿಗ್ರಿ ಕೋನ, ಒಳಗಿಂದ ಹೊರಕ್ಕೆ ಮಾತ್ರ ಉಜ್ಜಬೇಕು, ಎಲ್ಲ ಹಲ್ಲಿಗೂ ಅಷ್ಟಷ್ಟೇ ಸಲ. ಒಂದು ಕಡೆ ಜಾಸ್ತಿ ಉಜ್ಜಿದರೆ ಕುಯ್ತ ಸೊಟ್ಟಗೆ ಹೋಗುತ್ತೆ.

ಮೊಂಡು ಚೈನ್ ಇದ್ದಾಗ ಜನ ಒತ್ತಿ ಕುಯ್ತಾರೆ, ಬಾರಿನ ಮೂತಿಯ ಮೇಲ್ಭಾಗ ಎಲ್ಲೋ ತಾಗಿದರೆ ಮಿಷಿನ್ ಕಣ್ಣು ಮಿಟುಕಿಸೋದರೊಳಗೆ ಮುಖದ ಕಡೆ ಹಾರುತ್ತೆ. ಈ ಒದೆತಕ್ಕೇ ಮುಂದಿನ ಹಿಡಿಯ ಎದುರು ಒಂದು ಅಡ್ಡಪಟ್ಟಿ ಇರೋದು. ಕೈ ಅದಕ್ಕೆ ತಾಗಿದರೆ ಚೈನ್ ತಕ್ಷಣ ನಿಲ್ಲುತ್ತೆ. ಶ್ಟೀಲ್ ಕಂಪನಿ ಆ ಬ್ರೇಕನ್ನ ತಂದಿದ್ದು 1972ರಲ್ಲಿ. ಅಷ್ಟು ಹೊತ್ತಿಗೆ, 1971ರಿಂದ, ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟ ಆಗೋ ಚೈನ್ ಸಾ ಅವರದ್ದೇ ಆಗಿತ್ತು. 1973ರ ಜನವರಿ 14ರಂದು, ನಮ್ಮಲ್ಲಿ ಸಂಕ್ರಾಂತಿ ದಿನ, ಆಂಡ್ರಿಯಾಸ್ ಶ್ಟೀಲ್ ತೀರಿಕೊಂಡರು, ವಯಸ್ಸು 76. ಕಂಪನಿ ಮಗ ಹಾನ್ಸ್ ಪೀಟರ್ ಕೈಗೆ ಬಂತು.

ಆ ಬ್ರೇಕಿನ ಪಟ್ಟಿಯ ಸುತ್ತಲೂ ಹೊಟ್ಟು ತುಂಬುತ್ತೆ. ಕವರ್ ಬಿಚ್ಚಿದಾಗ ಅದನ್ನೂ ಕೆರೆದು ತೆಗೀರಿ. ಕೆಲಸಕ್ಕೆ ಮುಂಚೆ ಮಿಷಿನ್ನನ್ನ ನೆಲಕ್ಕೆ ಒತ್ತಿ ಹಿಡಿದು, ಚೈನ್ ಓಡ್ತಿರುವಾಗ ಪಟ್ಟಿಯನ್ನ ಮುಂದಕ್ಕೆ ತಳ್ಳಿ ನೋಡಿ. ಚೈನ್ ನಿಲ್ಲಲಿಲ್ಲ ಅಂದ್ರೆ ಅವತ್ತು ಮರ ಹಾಗೇ ಬಿದ್ದಿರಲಿ, ಮಿಷಿನ್ ರಿಪೇರಿಗೆ ಹೋಗಲಿ.