ಹರ್ಶ್ ಲಾಟರ್‌ಪಾಕ್ಟ್

ಹರ್ಶ್ ಲಾಟರ್‌ಪಾಕ್ಟ್ (1897–1960) ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಕಾನೂನಿಗೆ ತಳಹದಿ ಹಾಕಿದ ನ್ಯಾಯಶಾಸ್ತ್ರಜ್ಞರಲ್ಲಿ ಪ್ರಮುಖರು. ಇಂದಿನ ಉಕ್ರೇನಿನ ಝೋವ್ಕ್ವಾದ ಯಹೂದಿ ಕುಟುಂಬದಲ್ಲಿ ಜನಿಸಿದರು. ಯಹೂದಿಯೆಂಬ ಕಾರಣಕ್ಕೆ ಲ್ವಿವ್ ವಿಶ್ವವಿದ್ಯಾಲಯದಲ್ಲಿ ಅಂತಿಮ ಪರೀಕ್ಷೆಗೆ ಅವಕಾಶ ದೊರೆಯದೆ, ವಿಯೆನ್ನಾಕ್ಕೆ ತೆರಳಿ ಹನ್ಸ್ ಕೆಲ್ಸೆನ್ನರ ಬಳಿ ವ್ಯಾಸಂಗ ಮಾಡಿದರು. 1923ರಲ್ಲಿ ಇಂಗ್ಲೆಂಡ್ ಸೇರಿ, 1938ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪ್ರಾಧ್ಯಾಪಕರಾದರು.

ರಾಷ್ಟ್ರವೊಂದು ತನ್ನ ಪ್ರಜೆಗಳನ್ನು ಹೇಗೆ ನಡೆಸಿಕೊಂಡರೂ ಅಂತರರಾಷ್ಟ್ರೀಯ ಕಾನೂನು ಪ್ರಶ್ನಿಸದಿದ್ದ ಕಾಲವದು. ಪ್ರತಿ ವ್ಯಕ್ತಿಗೂ ಅದರ ರಕ್ಷಣೆ ಸಲ್ಲಬೇಕೆಂದು ಇವರು 1945ರ ಗ್ರಂಥದಲ್ಲಿ ಪ್ರತಿಪಾದಿಸಿದರು. ನ್ಯೂರೆಂಬರ್ಗ್ ವಿಚಾರಣೆಯ ಆರೋಪಗಳಲ್ಲಿ ಮಾನವತೆಯ ವಿರುದ್ಧದ ಅಪರಾಧವು ಸೇರಿದ್ದರಲ್ಲಿ ಇವರ ಪಾತ್ರ ದೊಡ್ಡದು. ಅಲ್ಲಿ ಬ್ರಿಟಿಷ್ ಅಭಿಯೋಜಕರಿಗೆ ನೆರವಾಗುತ್ತಿದ್ದ ಇವರ ಕಣ್ಣೆದುರೇ, ಆಕ್ರಮಿತ ಪೋಲೆಂಡನ್ನು ಆಳಿದ್ದ ಹನ್ಸ್ ಫ್ರಾಂಕ್ ಆರೋಪಿಯಾಗಿ ಕುಳಿತಿದ್ದ. ಲ್ವಿವ್‌ನಲ್ಲಿದ್ದ ಇವರ ತಂದೆ, ತಾಯಿ, ಒಡಹುಟ್ಟಿದವರು ಆತನ ಆಡಳಿತದಲ್ಲಿಯೇ ಹತರಾಗಿದ್ದರು. ಬದುಕುಳಿದವಳು ಸೋದರಿಯ ಮಗಳೊಬ್ಬಳು.