ಸಿಖ್ಖರ ತೃತೀಯ ಗುರುಗಳು ಶ್ರೀ ಅಮರದಾಸರು

ಪಂಚನದ ದೇಶದಲ್ಲಿ ಗುರು ನಾನಕರು ಬಿತ್ತಿದ ಭಕ್ತಿಬೀಜವು ಸೇವೆಯೆಂಬ ನೀರನ್ನುಂಡು ಬೆಳೆದ ಬಗೆಯನ್ನು ಅರಿಯಬೇಕೆನ್ನುವವರು ಆ ಪೀಠದ ತೃತೀಯ ಗುರುಗಳಾದ ಅಮರದಾಸರ ಚರಿತ್ರವನ್ನು ನೋಡತಕ್ಕದ್ದು. ಇವರು ಕ್ರಿ. ಶ. ೧೪೭೯ರಲ್ಲಿ, ಇಂದಿನ ಅಮೃತಸರದ ಸಮೀಪದಲ್ಲಿರುವ ಬಾಸರಕೆ ಗ್ರಾಮದಲ್ಲಿ ಜನಿಸಿದರು. ಕುಲದಿಂದ ಖತ್ರಿಗಳು, ಆಚಾರದಿಂದ ವೈಷ್ಣವರು. ಅನೇಕಾವರ್ತಿ ಗಂಗಾಯಾತ್ರೆ ಮಾಡಿದ್ದರೂ ಗುರುವಿಲ್ಲದ ಕೊರತೆಯು ಅವರನ್ನು ಬಾಧಿಸುತ್ತಲೇ ಇದ್ದಿತು.

ವಯಸ್ಸು ಅರುವತ್ತನ್ನು ಸಮೀಪಿಸಿದಾಗ, ಒಂದು ಬೆಳಗಿನ ಜಾವದಲ್ಲಿ ತಮ್ಮನ ಮಗನ ಹೆಂಡತಿಯಾದ ಬೀಬೀ ಅಮ್ರೋ ಹಾಡುತ್ತಿದ್ದ ನಾನಕವಾಣಿಯು ಅವರ ಕಿವಿಗೆ ಬಿದ್ದಿತು. ಆಕೆಯು ದ್ವಿತೀಯ ಗುರುಗಳಾದ ಅಂಗದರ ಪುತ್ರಿ. ಆಕೆಯನ್ನೇ ಮುಂದಿಟ್ಟುಕೊಂಡು ಖಡೂರಿಗೆ ಹೋಗಿ, ತಮಗಿಂತ ೨೫ ವರ್ಷ ಕಿರಿಯರೂ ಸಂಬಂಧದಿಂದ ಬೀಗರೂ ಆದ ಅಂಗದರ ಪಾದಗಳಿಗೆರಗಿದರು. ಹಿರಿತನದ ಮಾತು ಅಲ್ಲಿಗೆ ಮುಗಿಯಿತು. ಪ್ರತಿದಿನವೂ ನಸುಕಿಗೆ ಮೊದಲೇ ಎದ್ದು ಬಿಯಾಸ್ ನದಿಯಿಂದ ಗುರುವಿನ ಸ್ನಾನಕ್ಕೆ ನೀರು ತರುವದು, ಪಾಕಶಾಲೆಗೆ ಕಟ್ಟಿಗೆ ಹೊರುವದು ಅವರ ಕಾಯಕವಾಯಿತು. ಒಂದು ಕಗ್ಗತ್ತಲೆಯ ರಾತ್ರಿ ನೇಕಾರನ ಮಗ್ಗದ ಗೂಟಕ್ಕೆ ಎಡವಿ ಬಿದ್ದರೂ ಕೊಡದ ನೀರನ್ನು ಚೆಲ್ಲಗೊಡಲಿಲ್ಲವಂತೆ. ನೇಕಾರಗಿತ್ತಿಯು ಒಳಗಿನಿಂದಲೇ ಮನೆಮಠವಿಲ್ಲದ ಮುದುಕನೆಂದು ಹಳಿದಳು. ಇದನ್ನು ಕೇಳಿದ ಅಂಗದರು, ಮನೆಯಿಲ್ಲದವರಿಗೆಲ್ಲ ಈತನೇ ಮನೆಯೆಂದು ಸಾರಿ ಅವರನ್ನಪ್ಪಿಕೊಂಡರೆಂದು ಸಂಪ್ರದಾಯವು ಹೇಳುತ್ತದೆ. ೧೫೫೨ರಲ್ಲಿ, ೭೩ರ ವಯಸ್ಸಿನಲ್ಲಿ, ಗುರುಪದವಿಯು ಅವರಿಗೆ ಬಂದಿತು.

ತಾವು ಮೈಯಿಂದ ಕಲಿತುದನ್ನೇ ಅವರು ಗೋಇಂದವಾಲದಲ್ಲಿ ಎಲ್ಲರಿಗೂ ನಿಯಮವನ್ನಾಗಿ ಮಾಡಿದರು. ನಾನಕರ ಕಾಲದಿಂದಲೂ ನಡೆದುಬಂದಿದ್ದ ಲಂಗರಿಗೆ ಕಟ್ಟಳೆಯಾದುದು ಇವರಿಂದಲೇ: ಮೊದಲು ಪಂಕ್ತಿ, ಅನಂತರ ದರ್ಶನ. ಬ್ರಾಹ್ಮಣನೂ ಅಂತ್ಯಜನೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕುಳಿತು ಉಂಡ ಮೇಲೆಯೇ ಗುರುವಿನ ಬಳಿಗೆ ಹೋಗಬೇಕು. ಅಕಬರ ಬಾದಶಹನೂ ಹೀಗೆಯೇ ಉಂಡನೆಂದು ಸಿಖ್ಖರು ಹೇಳುವರು. ಹಸಿದವರಿಗೆ ಅನ್ನವಿಕ್ಕುವದಷ್ಟೇ ಇದರ ಅರ್ಥವಾಗಿದ್ದರೆ, ಉಂಡುಬಂದ ಸಿರಿವಂತನನ್ನು ಕೂಡ್ರಿಸುವ ಕಾರಣವೇನಿದ್ದಿತು? ಕುಲದ ಹೆಮ್ಮೆಯನ್ನು ಬಾಗಿಲಲ್ಲಿಯೇ ಇಳಿಸುವದು ಇದರ ತಿರುಳು. ನಮ್ಮ ಬೀದರದ ನಾನಕ ಝೀರಾದಲ್ಲಿಯೂ ಈ ಪಂಕ್ತಿಯನ್ನು ಕಾಣಬಹುದು.

ಗೋಇಂದವಾಲದಲ್ಲಿ ಅವರು ೮೪ ಮೆಟ್ಟಿಲುಗಳ ಬಾವಿಯನ್ನು ಕಟ್ಟಿಸಿದರು. ಒಂದೊಂದು ಮೆಟ್ಟಿಲಿನಲ್ಲಿಯೂ ಜಪುಜಿಯನ್ನು ಪಠಿಸಿ ಮೀಯುವವನಿಗೆ ೮೪ ಲಕ್ಷ ಜನ್ಮಗಳ ಬಂಧವು ತಪ್ಪುವದೆಂದು ಭಾವಿಕರು ನಂಬುವರು. ಆದರೆ ಮನಸ್ಸಿನ ಮಲವನ್ನು ತೊಳೆಯುವದು ಗುರುಶಬ್ದವೇ ಎಂದು ತಮ್ಮ ಆನಂದವೆಂಬ ೪೦ ಪದಗಳ ಕೃತಿಯಲ್ಲಿ ಬೋಧಿಸಿದವರೂ ಇವರೇ. ಆದುದರಿಂದ ಮೆಟ್ಟಿಲುಗಳ ಎಣಿಕೆಗಿಂತ ಪಠನದಲ್ಲಿ ನೆಲೆಸುವ ಚಿತ್ತವೇ ಮುಖ್ಯವೆಂದು ತಿಳಿಯುವದು ಯುಕ್ತ. ಸಹಗಮನವನ್ನೂ ಸ್ತ್ರೀಯರ ಮುಸುಕನ್ನೂ ಅವರು ನಿಷೇಧಿಸಿದರು. ಧರ್ಮಪ್ರಸಾರಕ್ಕಾಗಿ ೨೨ ಮಂಜಿಗಳನ್ನು ಸ್ಥಾಪಿಸಿದರು.

ಮೋಹನ, ಮೋಹರಿ ಎಂಬ ಇಬ್ಬರು ಪುತ್ರರಿದ್ದರೂ, ಬಾವಿ ತೋಡುವಾಗ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತ ಅಳಿಯ ಜೇಠಾನನ್ನೇ ಪೀಠಕ್ಕೆ ಆರಿಸಿದರು. ಆತನೇ ಅಮೃತಸರದ ಸರೋವರವನ್ನು ತೋಡಿಸಿದ ಗುರು ರಾಮದಾಸನು. ಅವರಿಗೆ ಅಧಿಕಾರವನ್ನೊಪ್ಪಿಸಿ ಅಮರದಾಸರು ೧೫೭೪ರಲ್ಲಿ, ೯೫ರ ವೃದ್ಧಾಪ್ಯದಲ್ಲಿ, ಗೋಇಂದವಾಲದಲ್ಲಿಯೇ ದೇಹವನ್ನಿಳುಹಿದರು.