ಎದೆಬಡಿತಕ್ಕೆ ಹೆದರದಿರಲು ಕಲಿಸಿದ ಡಾಕ್ಟರಮ್ಮ

2017ರ ಮಳೆಗಾಲ. ಡೊಂಬಿವಲಿಯಿಂದ ಘಾಟ್‌ಕೋಪರ್‌ಗೆ ಹೊರಟಿದ್ದ ಬೆಳಗಿನ ಫಾಸ್ಟ್ ಲೋಕಲ್ ದಿವಾ ದಾಟಿ ಪಾರ್ಸಿಕ್ ಸುರಂಗದೊಳಗೆ ನಿಂತುಬಿಟ್ಟಿತು. ಐದು ನಿಮಿಷವೋ ಹತ್ತು ನಿಮಿಷವೋ ಇರಬೇಕು. ಹನ್ನೊಂದು ವರ್ಷ ಅದೇ ದಾರಿಯಲ್ಲಿ ಓಡಾಡಿದವನು ನಾನು. ಗಾಡಿ ನಿಲ್ಲುವುದು ಹೊಸದೇನಲ್ಲ. ಆದರೆ ಅವತ್ತು ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಅಂಗೈ ಬೆವೆತಿತು, ಕಾಲು ನಡುಗಿತು, ಉಸಿರು ಗಂಟಲಲ್ಲೇ ಸಿಕ್ಕಿಕೊಂಡಂತಾಯಿತು. ಹಾರ್ಟ್ ಅಟ್ಯಾಕ್ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಠಾಣೆಯಲ್ಲಿ ಇಳಿದು ಆಟೊ ಹಿಡಿದು ಒಂದು ಆಸ್ಪತ್ರೆಗೆ ಹೋದೆ. ಇಸಿಜಿ ಸರಿಯಿತ್ತು, ರಕ್ತಪರೀಕ್ಷೆಯೂ ಸರಿಯಿತ್ತು. ಹೃದಯಕ್ಕೆ ಏನೂ ಆಗಿಲ್ಲ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಎಂದು ಕಳಿಸಿದರು. ಹೇಗೆ ಕಡಿಮೆ ಮಾಡಿಕೊಳ್ಳಬೇಕು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಮುಂದಿನ ಆರು ತಿಂಗಳು ನಾನು ಆ ಎದೆಬಡಿತ ಮತ್ತೆ ಯಾವಾಗ ಬರುತ್ತದೋ ಎಂದು ಕಾಯುತ್ತಲೇ ಕಳೆದೆ. ಫಾಸ್ಟ್ ಬಿಟ್ಟು ಸ್ಲೋ ಲೋಕಲ್ ಹಿಡಿದೆ. ಬೇಕಾದರೆ ಪ್ರತಿ ಸ್ಟೇಷನ್ನಿನಲ್ಲೂ ಇಳಿದುಬಿಡಬಹುದು ಎಂಬ ಲೆಕ್ಕ. ಆಮೇಲೆ ಲಿಫ್ಟ್ ಬಿಟ್ಟೆ. ಮೀಟಿಂಗ್ ಇದ್ದರೆ ಬಾಗಿಲ ಪಕ್ಕದ ಕುರ್ಚಿ ಹುಡುಕುತ್ತಿದ್ದೆ. ದಿನಕ್ಕೆ ಇಪ್ಪತ್ತು ಸಲ ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದೆ. ಹಾವೇರಿಯಿಂದ ಅವ್ವ ಫೋನ್ ಮಾಡಿ ಆರಾಮ ಇದ್ದೀಯೇನಪಾ ಎಂದು ಕೇಳಿದರೆ ಆರಾಮ ಇದ್ದೀನವ್ವಾ ಎನ್ನುತ್ತಿದ್ದೆ. ಊರು ಬಿಟ್ಟು ಬಂದ ನಮಗೆಲ್ಲ ಈ ಸುಳ್ಳು ರೂಢಿಯಾಗಿರುತ್ತದೆ.

ಆಗೊಂದು ದಿನ ಕೆಲಸದ ಮೇಲೆ ಫೋರ್ಟ್ ಕಡೆ ಹೋಗಿದ್ದಾಗ, ಫ್ಲೋರಾ ಫೌಂಟನ್ ಬಳಿಯ ಫುಟ್‌ಪಾತ್‌ನ ಹಳೆ ಪುಸ್ತಕಗಳ ರಾಶಿಯಲ್ಲಿ ಒಂದು ತೆಳು ಪುಸ್ತಕ ಸಿಕ್ಕಿತು. ಹೆಸರು ‘ಸೆಲ್ಫ್ ಹೆಲ್ಪ್ ಫಾರ್ ಯುವರ್ ನರ್ವ್ಸ್’. ಬರೆದವರು ಡಾ. ಕ್ಲೇರ್ ವೀಕ್ಸ್. ನಿಂತಲ್ಲೇ ನಾಲ್ಕು ಪುಟ ಓದಿದೆ. ಯಾರೋ ನನ್ನ ಪಕ್ಕದಲ್ಲೇ ಸುರಂಗದಲ್ಲಿ ನಿಂತಿದ್ದು ಬರೆದಂತಿತ್ತು. ಈಕೆ ಯಾರು ಎಂದು ಹುಡುಕಿಕೊಂಡು ಹೋದಾಗ, ಪುಸ್ತಕಕ್ಕಿಂತ ಆಕೆಯ ಬದುಕೇ ನನಗೆ ಹೆಚ್ಚು ಪಾಠ ಹೇಳಿತು.

ಕ್ಲೇರ್ ವೀಕ್ಸ್ ಹುಟ್ಟಿದ್ದು 1903ರ ಏಪ್ರಿಲ್ 11ರಂದು, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ. ತಂದೆ ಸಂಗೀತಗಾರ. ನಾಲ್ಕು ಮಕ್ಕಳಲ್ಲಿ ಇವರೇ ಹಿರಿಯರು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿದರು. ಆರಿಸಿಕೊಂಡ ವಿಷಯವೂ ವಿಚಿತ್ರವೇ. ಹಲ್ಲಿಗಳಲ್ಲಿ, ಅದರಲ್ಲೂ ನಾವು ಹಾವುರಾಣಿ ಎನ್ನುವ ಜಾತಿಯಲ್ಲಿ, ಕೆಲವು ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತವೆ. ಅವುಗಳ ಹೊಟ್ಟೆಯಲ್ಲಿ ಮಾಸು ಹೇಗೆ ಬೆಳೆಯುತ್ತದೆ, ಚಳಿ ಹೆಚ್ಚಿರುವ ಎತ್ತರದ ಜಾಗಗಳಿಗೂ ಮರಿ ಹಾಕುವ ಗುಣಕ್ಕೂ ಏನು ನಂಟು ಎಂಬುದನ್ನು ಅವರು ಅಧ್ಯಯನ ಮಾಡಿದರು. 1930ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಡಾಕ್ಟರ್ ಆಫ್ ಸೈನ್ಸ್ ಪದವಿ ಅವರಿಗೆ ಸಿಕ್ಕಿತು. ಅಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಅವರು. ಅವರ ಆ ಕೆಲಸವನ್ನು ಜೀವಶಾಸ್ತ್ರಜ್ಞರು ಇವತ್ತಿಗೂ ನೆನೆಯುತ್ತಾರೆ.

ಆದರೆ ಈ ಪದವಿಗೆ ಮೊದಲೇ ಅವರ ಬದುಕು ಒಮ್ಮೆ ಬುಡಮೇಲಾಗಿತ್ತು. ಇಪ್ಪತ್ತೈದರ ಆಸುಪಾಸಿನಲ್ಲಿ ಆರೋಗ್ಯ ಕೆಟ್ಟಾಗ ವೈದ್ಯರು ಕ್ಷಯ ಎಂದುಬಿಟ್ಟರು. ಆಗಿನ್ನೂ ಕ್ಷಯಕ್ಕೆ ಮದ್ದಿಲ್ಲದ ಕಾಲ. ಆ ಹೆಸರು ಕೇಳಿದರೆ ಸಾವಿನ ಚೀಟಿ ಬಂದಂತೆ. ಸುಮಾರು ಆರು ತಿಂಗಳು ಸ್ಯಾನಟೋರಿಯಂನಲ್ಲಿ ಮಲಗಿಸಿದರು. ಕೊನೆಗೆ ಗೊತ್ತಾದದ್ದು ಅವರಿಗೆ ಕ್ಷಯವೇ ಇರಲಿಲ್ಲ ಎಂಬುದು. ಮನೆಗೆ ಬಂದರು, ಆದರೆ ಎದೆಬಡಿತವನ್ನು ಜೊತೆಗೆ ತಂದಿದ್ದರು. ಕೂತರೂ ನಿಂತರೂ ಎದೆ ಹೊಡೆದುಕೊಳ್ಳುವುದು, ಹೃದಯ ಈಗ ನಿಂತೀತು, ಇನ್ನೊಂದು ಗಳಿಗೆಗೆ ನಿಂತೀತು ಎಂಬ ಭಯ. ಒಬ್ಬ ವಿಜ್ಞಾನಿಗೆ, ಹಲ್ಲಿಯ ಒಳಗನ್ನು ಸೂಕ್ಷ್ಮದರ್ಶಕದಲ್ಲಿ ಬಿಡಿಸಿ ನೋಡಬಲ್ಲವರಿಗೆ, ತನ್ನ ಎದೆಯಲ್ಲಿ ಏನಾಗುತ್ತಿದೆ ಎಂಬುದು ತಿಳಿಯಲಿಲ್ಲ.

1929ರಲ್ಲಿ ರಾಕ್‌ಫೆಲ್ಲರ್ ಫೆಲೋಶಿಪ್ ಸಿಕ್ಕಿ ಲಂಡನ್ನಿನ ಯುನಿವರ್ಸಿಟಿ ಕಾಲೇಜಿಗೆ ಹೋದರು. ಎದೆಬಡಿತವೂ ಹಡಗು ಹತ್ತಿತು. ಆ ದಿನಗಳಲ್ಲೇ ಒಬ್ಬ ಸ್ನೇಹಿತರ ಬಳಿ ತಮ್ಮ ಕಷ್ಟ ಹೇಳಿಕೊಂಡರು. ಆತ ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬಂದವರು. ಅವರಿಗೆ ಈ ಕಥೆ ಕೇಳಿ ಆಶ್ಚರ್ಯವೇನೂ ಆಗಲಿಲ್ಲ. ಕಂದಕಗಳಲ್ಲಿದ್ದ ನಮಗೆಲ್ಲ ಹೀಗೇ ಆಗುತ್ತಿತ್ತು, ನಿನ್ನ ಹೃದಯ ಓಡುತ್ತಿರುವುದು ನೀನು ಅದಕ್ಕೆ ಹೆದರಿದ್ದರಿಂದಲೇ ಎಂಬ ಅರ್ಥದ ಮಾತು ಹೇಳಿದರು. ಅಷ್ಟೇ. ಕಾಯಿಲೆಗೆ ಹೆದರಿ ಎದೆ ಬಡಿದುಕೊಳ್ಳುತ್ತದೆ, ಎದೆ ಬಡಿದುಕೊಂಡಿದ್ದಕ್ಕೆ ಹೆದರಿಕೆ ಹೆಚ್ಚುತ್ತದೆ, ಹೆದರಿಕೆ ಹೆಚ್ಚಿದ್ದಕ್ಕೆ ಎದೆ ಇನ್ನೂ ಜೋರಾಗಿ ಬಡಿದುಕೊಳ್ಳುತ್ತದೆ. ಗಾಣದ ಎತ್ತಿನ ಹಾಗೆ ಅದೇ ಸುತ್ತು. ಅದು ಕಂಡ ಮೇಲೆ ಕ್ಲೇರ್ ಎದೆಬಡಿತದ ಜೊತೆ ಜಗಳ ನಿಲ್ಲಿಸಿದರು. ಬಂದರೆ ಬರಲಿ ಎಂದು ಬಿಟ್ಟರು. ಅದೂ ನಿಧಾನಕ್ಕೆ ಕಡಿಮೆಯಾಯಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಕಲಿತದ್ದನ್ನು ಜಗತ್ತಿಗೆ ಹೇಳಲು ಅವರಿಗೆ ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಸಿಡ್ನಿಗೆ ಮರಳಿದ ಮೇಲೆ ಅವರು ಹಿಡಿದ ದಾರಿ ನೇರವಾಗಿರಲಿಲ್ಲ. ಸಂಗೀತದ ಕಡೆ ತಿರುಗಿದರು. ಯುರೋಪಿಗೆ ಹೋಗುವವರಿಗೆ ಪ್ರವಾಸದ ಸಲಹೆ ಕೊಡುವ ಕೆಲಸ ಮಾಡಿದರು. ಎರಡನೇ ಮಹಾಯುದ್ಧ ಬಂದು ಪ್ರವಾಸವೇ ನಿಂತುಹೋಯಿತು. ಆಗ ಅವರು ಮತ್ತೆ ವಿದ್ಯಾರ್ಥಿಯಾದರು, ಈ ಸಲ ವೈದ್ಯಕೀಯಕ್ಕೆ. 1945ರಲ್ಲಿ ಡಾಕ್ಟರಾದಾಗ ವಯಸ್ಸು 42. ನಮ್ಮಲ್ಲಿ ಎಷ್ಟೋ ಜನ ನಲವತ್ತು ದಾಟಿದ ಮೇಲೆ ಇನ್ನೇನು ಹೊಸದು ಎಂದು ಕೈಕಟ್ಟಿ ಕೂರುತ್ತೇವೆ, ನಾನೂ ಸೇರಿ.

ಸಿಡ್ನಿಯ ಬಾಂಡೈ ಎಂಬ ಕಡಲತಡಿಯ ಬಡಾವಣೆಯಲ್ಲಿ ಅವರು ಸಾಮಾನ್ಯ ವೈದ್ಯರಾಗಿ ಕೂತರು. ಬರುತ್ತಿದ್ದ ರೋಗಿಗಳಲ್ಲಿ ತಮ್ಮ ಹಳೆಯ ರೂಪವನ್ನೇ ಕಂಡರು. ಮನೆಯಿಂದ ಹೊರಗೆ ಕಾಲಿಡಲಾರದ ಗೃಹಿಣಿಯರು, ಬಸ್ಸು ಹತ್ತಲಾರದವರು, ಅಂಗಡಿಯ ಸಾಲಿನಲ್ಲಿ ನಿಲ್ಲಲಾರದವರು. ಆ ಕಾಲದಲ್ಲಿ ಇಂಥವರಿಗೆ ಸಿಗುತ್ತಿದ್ದ ಚಿಕಿತ್ಸೆಯೆಂದರೆ ವರ್ಷಗಟ್ಟಲೆ ಬಾಲ್ಯವನ್ನು ಕೆದಕುವ ಮನೋವಿಶ್ಲೇಷಣೆ, ಇಲ್ಲವೇ ಮಂಪರು ತರುವ ಮಾತ್ರೆ. ಕ್ಲೇರ್ ಇವರಿಗೆ ತಮಗೆ ಗೊತ್ತಿದ್ದುದನ್ನು ಹೇಳಿಕೊಟ್ಟರು. 1962ರಲ್ಲಿ, 59ನೇ ವಯಸ್ಸಿನಲ್ಲಿ, ಅದನ್ನೇ ಪುಸ್ತಕ ಮಾಡಿದರು. ನನಗೆ ಫುಟ್‌ಪಾತ್‌ನಲ್ಲಿ ಸಿಕ್ಕಿದ್ದು ಅದೇ.

ಅವರು ಹೇಳಿದ್ದು ಇಷ್ಟು. ಭಯ ಎರಡು ಕಂತಿನಲ್ಲಿ ಬರುತ್ತದೆ. ಮೊದಲನೆಯದು ದೇಹದ್ದು. ಅಡ್ರಿನಲಿನ್ ಹರಿದು ಎದೆ ಬಡಿಯುತ್ತದೆ, ಕೈ ನಡುಗುತ್ತದೆ. ದಣಿದು ಸೂಕ್ಷ್ಮವಾದ ನರಗಳಿಗೆ ಸಣ್ಣ ನೆಪವೂ ಸಾಕು. ಎರಡನೆಯದು ನಾವೇ ಸೇರಿಸುವುದು. ಅಯ್ಯೋ ಇದೇನಾಯಿತು, ಬಿದ್ದುಬಿಟ್ಟರೆ, ಸತ್ತುಹೋದರೆ ಎಂಬ ಮಾತುಗಳು. ಮೊದಲ ಭಯ ತಾನಾಗಿ ಇಳಿಯುತ್ತದೆ. ಎರಡನೆಯದು ಅದಕ್ಕೆ ಮತ್ತೆ ಮತ್ತೆ ಸೌದೆ ಒಟ್ಟುತ್ತದೆ. ಇದಕ್ಕೆ ಅವರು ಕೊಟ್ಟ ದಾರಿ ನಾಲ್ಕು ಹೆಜ್ಜೆಯದು: ಓಡಬೇಡ, ಎದುರಿಸು, ಜಗಳವಾಡಬೇಡ, ಒಪ್ಪಿಕೋ, ಮೈ ಬಿಗಿಯಬೇಡ, ತೇಲು, ಗಡಿಯಾರ ನೋಡಬೇಡ, ಸಮಯ ಸರಿಯಲು ಬಿಡು.

ಮೂರನೆಯ ಹೆಜ್ಜೆ ನನಗೆ ಬೇಗ ಅರ್ಥವಾಯಿತು. ಊರಿನ ಬಾವಿಯಲ್ಲಿ ಬೆನ್ನಿಗೆ ಬೆಂಡು ಕಟ್ಟಿ ಈಜು ಕಲಿತವರಿಗೆಲ್ಲ ಗೊತ್ತು. ಕೈಕಾಲು ಬಡಿದಷ್ಟೂ ಮುಳುಗುತ್ತೇವೆ. ಮೈ ಸಡಿಲಬಿಟ್ಟರೆ ನೀರೇ ಎತ್ತಿ ಹಿಡಿಯುತ್ತದೆ.

ಪುಸ್ತಕ ಆಸ್ಟ್ರೇಲಿಯಾ ದಾಟಿ ಬ್ರಿಟನ್ನು ತಲುಪಿತು, 1969ರಲ್ಲಿ ಬೇರೆ ಹೆಸರಿನಲ್ಲಿ ಅಮೆರಿಕದಲ್ಲೂ ಬಂತು. ಮನೆಯಿಂದ ಹೊರಡಲಾರದವರು ಡಾಕ್ಟರ ಬಳಿಗೆ ಬರುವುದಾದರೂ ಹೇಗೆ? ಅದಕ್ಕಾಗಿ ಕ್ಲೇರ್ ತಮ್ಮ ಧ್ವನಿಯನ್ನೇ ಗ್ರಾಮಫೋನ್ ತಟ್ಟೆಗಳಲ್ಲಿ, ಆಮೇಲೆ ಕ್ಯಾಸೆಟ್‌ಗಳಲ್ಲಿ ತುಂಬಿ ಕಳಿಸಿದರು. ದೂರದ ದೇಶಗಳ ರೋಗಿಗಳ ಜೊತೆ ಟೆಲಿಫೋನಿನಲ್ಲಿ ಮಾತಾಡಿದರು. ಹೀಗೆ ದೂರದಿಂದಲೇ ನೆರವು ಪಡೆದ 500ಕ್ಕೂ ಹೆಚ್ಚು ಜನರ ವಿವರಗಳನ್ನು 1973ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಇವತ್ತು ಮೊಬೈಲಿನಲ್ಲಿ ಆಪ್ತಸಮಾಲೋಚನೆ ಪಡೆಯುವ ನಮಗೆ ಇದು ದೊಡ್ಡದೆನಿಸದು. ಅವರು ಅದನ್ನು ಮಾಡಿದ್ದು ಅಂಚೆಯ ಕಾಲದಲ್ಲಿ.

ಓದುಗರು ಕೊಂಡಾಡಿದರೂ ಮನೋವೈದ್ಯರ ಲೋಕ ಅವರನ್ನು ಹತ್ತಿರ ಸೇರಿಸಿಕೊಳ್ಳಲಿಲ್ಲ. ಅವರು ಮನೋವೈದ್ಯೆಯಲ್ಲ, ಬರೀ ಜನರಲ್ ಪ್ರಾಕ್ಟೀಷನರ್. ಬರೆಯುವುದು ಅಡುಗೆಮನೆಯ ಭಾಷೆಯಲ್ಲಿ. ಅವರ ವಿಧಾನವನ್ನು ಬೇರೊಂದರ ಜೊತೆ ಇಟ್ಟು ಅಳೆದು ನೋಡಿದ ಪ್ರಯೋಗಗಳೂ ಇರಲಿಲ್ಲ. ಆ ತಕರಾರಿನಲ್ಲಿ ಸತ್ಯವೂ ಇತ್ತು. ಅದೇ 1960ರ ದಶಕದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ ಯೋಚನೆಗಳನ್ನು ಪರೀಕ್ಷೆಗೆ ಒಡ್ಡುವ ಕಾಗ್ನಿಟಿವ್ ಥೆರಪಿಯನ್ನು ಕಟ್ಟುತ್ತಿದ್ದರು. 1986ರಲ್ಲಿ ಆಕ್ಸ್‌ಫರ್ಡಿನ ಡೇವಿಡ್ ಕ್ಲಾರ್ಕ್, ದೇಹದ ಸಾಮಾನ್ಯ ಸೂಚನೆಗಳನ್ನು ಅನಾಹುತವೆಂದು ತಪ್ಪಾಗಿ ಓದಿಕೊಳ್ಳುವುದೇ ಪ್ಯಾನಿಕ್‌ಗೆ ಮೂಲ ಎಂದು ಶಾಸ್ತ್ರೀಯವಾಗಿ ವಿವರಿಸಿದರು. ಬಾಂಡೈನ ಡಾಕ್ಟರಮ್ಮ ತಮ್ಮ ಅನುಭವದಿಂದ ಹೇಳುತ್ತ ಬಂದದ್ದೂ ಬಹುಮಟ್ಟಿಗೆ ಅದನ್ನೇ.

ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದ ಸಂಗತಿ ಬೇರೊಂದಿದೆ. ವಯಸ್ಸಾದ ಮೇಲೂ ಅವರಿಗೆ ಆಗೀಗ ರಾತ್ರಿ ಪ್ಯಾನಿಕ್ ಬಂದು ಎಚ್ಚರವಾಗುತ್ತಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ. ಕೇಳಿದವರೊಬ್ಬರು ಮರುಕ ತೋರಿಸಿದಾಗ, ಆ ಮರುಕ ತನಗೆ ಬೇಡ, ಇದು ಮಿದುಳಿನ ಒಂದಿಷ್ಟು ರಾಸಾಯನಿಕಗಳ ಏರುಪೇರು ಅಷ್ಟೇ ಎಂದು ನಿರಾಳವಾಗಿ ಹೇಳಿದರಂತೆ. ಗುಣವಾಗುವುದೆಂದರೆ ಭಯ ಮತ್ತೆಂದೂ ಬಾರದಿರುವುದು ಎಂದೇ ನಾನು ಅಂದುಕೊಂಡಿದ್ದೆ. ಅದಕ್ಕೇ ಪ್ರತಿ ಸಲ ಎದೆ ಬಡಿದಾಗಲೂ ಸೋತೆ ಎನಿಸುತ್ತಿತ್ತು. ಅವರ ಲೆಕ್ಕದಲ್ಲಿ ಭಯ ಬರಬಹುದು, ಬಂದು ಹೋಗಬಹುದು. ಅದು ಬಂದಿತೆಂದು ನಾವು ಇಳಿದು ಓಡದಿದ್ದರೆ ಸಾಕು.

1979ರಲ್ಲಿ ಅವರಿಗೆ ಎಂಬಿಇ ಗೌರವ ಬಂತು. 1990ರ ಜೂನ್ 2ರಂದು ಸಿಡ್ನಿಯಲ್ಲಿ ತೀರಿಕೊಂಡಾಗ ವಯಸ್ಸು 87. ಹೃದಯ ಈಗ ನಿಂತೀತು ಎಂದು ಇಪ್ಪತ್ತೈದರಲ್ಲಿ ಹೆದರಿದ್ದವರನ್ನು ಅದೇ ಹೃದಯ ಆಮೇಲೆ ಅರವತ್ತಕ್ಕೂ ಹೆಚ್ಚು ವರ್ಷ ನಡೆಸಿತು.

ನನ್ನ ವಿಷಯಕ್ಕೆ ಬಂದರೆ, ಪುಸ್ತಕ ಓದಿದ ಮಾರನೇ ದಿನವೇ ಎಲ್ಲ ಸರಿಹೋಗಲಿಲ್ಲ. ಒಬ್ಬ ಆಪ್ತಸಮಾಲೋಚಕರ ಬಳಿಯೂ ಹೋದೆ. ಅವರು ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿಸಿದರು. ಏನಾಯಿತು, ಮನಸ್ಸು ಏನೆಂದಿತು, ಅದಕ್ಕೆ ಪುರಾವೆ ಏನು. ಮೊದಲ ಕಾಲಂನಲ್ಲಿ ಗಾಡಿ ನಿಂತಿತು, ಎದೆ ಬಡಿಯಿತು ಎಂದು ಬರೆದೆ. ಎರಡನೆಯದರಲ್ಲಿ ಸಾಯುತ್ತೇನೆ ಎಂದು ಬರೆದೆ. ಮೂರನೆಯದನ್ನು ತುಂಬಲು ಕೂತಾಗ ಲೆಕ್ಕ ಹೀಗೆ ಬಂತು: ಅದುವರೆಗೆ ಹೀಗೆ ಆದದ್ದು ಹದಿನೇಳು ಸಲ, ಸತ್ತದ್ದು ಒಂದು ಸಲವೂ ಇಲ್ಲ. ಓದಿ ನನಗೇ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು ಅದು.

2018ರ ಬೇಸಿಗೆಯಲ್ಲಿ ಮತ್ತೆ ಫಾಸ್ಟ್ ಲೋಕಲ್ ಹತ್ತಿದೆ. ಮೊದಲು ರಜಾದಿನ, ಒಂದೇ ಸ್ಟೇಷನ್ ದೂರ. ಆಮೇಲೆ ಠಾಣೆಯವರೆಗೆ. ಆಮೇಲೆ ಬೆಳಗಿನ ನೂಕುನುಗ್ಗಲಿನಲ್ಲಿ. ಸುರಂಗ ಬಂದಾಗ ಎದೆ ಬಡಿಯಿತು. ಬಡಿದುಕೋ ಎಂದು ಬಿಟ್ಟೆ, ಮೈ ಸಡಿಲ ಮಾಡಿದೆ, ನಾಡಿ ಮುಟ್ಟಲಿಲ್ಲ. ಠಾಣೆ ಬಂತು. ನಾನು ಇಳಿಯಲಿಲ್ಲ.

ಎದೆನೋವು, ಉಸಿರಿನ ತೊಂದರೆ ಬಂದರೆ ಮೊದಲು ಡಾಕ್ಟರಿಗೆ ತೋರಿಸಿ. ಅದು ಹೃದಯದ್ದೇ ಅಲ್ಲವೇ ಎಂಬುದು ಮೊದಲು ಖಚಿತವಾಗಲಿ. ಕೆಲವರಿಗೆ ಔಷಧಿಯೂ ಬೇಕಾಗುತ್ತದೆ, ಅದರಲ್ಲಿ ನಾಚಿಕೆಯೇನಿಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ.

ಅವ್ವನಿಗೆ ಎಲ್ಲವನ್ನೂ ಹೇಳಿದ್ದು ಆ ವರ್ಷದ ದೀಪಾವಳಿಗೆ ಊರಿಗೆ ಹೋದಾಗ. ಪೂರ್ತಿ ಕೇಳಿಸಿಕೊಂಡಳು. ತನ್ನ ಮದುವೆಯಾದ ಹೊಸದರಲ್ಲಿ ತನಗೂ ಹೀಗೆಯೇ ಎದೆ ಹಾರುತ್ತಿತ್ತು, ಯಾರಿಗೂ ಹೇಳಿರಲಿಲ್ಲ ಎಂದಳು. ಆಮೇಲೆ ಎದ್ದು ಚಹಾಕ್ಕೆ ಇಟ್ಟಳು.